ಎದೆ ಹೇಳ್ತು ಅಂದವನು

ಬಸವೇಶ ನಮ್ಮ ಮನೆಗೆ ಮೊದಲ ಸಲ ಬಂದದ್ದು ಕಳ್ಳನನ್ನು ಹಿಡಿಯಲು.

ಕರೆಸಿದ್ದು ನಮ್ಮಪ್ಪ. ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಗಂಗಾಧರಪ್ಪನವರಿಗೆ ಊರಿನ ಎಲ್ಲರ ಮೇಲೂ ಅನುಮಾನ, ತಮ್ಮ ಟಿವಿಯ ಮೇಲೆ ಮಾತ್ರ ಪ್ರೀತಿ. ಆ ತಿಂಗಳು ಕರೆಂಟ್ ಬಿಲ್ಲು ಏರಿತ್ತು. ಮನೆಯಲ್ಲಿ ಎಲ್ಲ ಆರಿಸಿದ ಮೇಲೂ ಮೀಟರಿನ ಪುಟ್ಟ ಕೆಂಪು ದೀಪ ಮಿಣಕ್ ಮಿಣಕ್ ಅನ್ನುತ್ತಲೇ ಇತ್ತು. ಪಕ್ಕದ ಮನೆ ಕೆಂಚಪ್ಪ ನಮ್ಮ ಲೈನಿಗೆ ವೈರು ಸಿಕ್ಕಿಸಿದ್ದಾನೆ ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟರು. ಅದನ್ನು ಸಾಬೀತು ಮಾಡಲು ಬಸ್‌ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಫೋನ್ ಹೋಯಿತು.

ಅಂಗಡಿಯ ಯಜಮಾನ ಬಸವೇಶನೇ ಬಂದ. ಮತ್ತೋಡಿನ ಕಡೆಯವನು, ಮೂವತ್ತು ದಾಟಿದವನು, ಮೀಸೆಯ ಅಂಚಿನಲ್ಲಿ ಸದಾ ಒಂದಿಷ್ಟು ನಗು ಇಟ್ಟುಕೊಂಡವನು. ನಾನು ಪಡಸಾಲೆಯ ಮೂಲೆಯಲ್ಲಿ ನನ್ನ ಹೊಲಿಗೆ ಮೆಷಿನ್ ಮುಂದೆ ಕೂತು ಯಾರದೋ ಮದುವೆಯ ಬ್ಲೌಸಿಗೆ ಹುಕ್ ಹಾಕುತ್ತಿದ್ದೆ.

"ಎಲ್ಲ ಆಫ್ ಮಾಡೀರಾ ಯಜಮಾನ್ರೇ?"

"ಎಲ್ಲ ಆಫೈತಪ್ಪ. ನೋಡು ಬೇಕಾದ್ರೆ, ಆ ಕೆಂಚಪ್ಪನ ಗೋಡೆ ಕಡೆ ನೋಡು."

ಅವನು ಕೆಂಚಪ್ಪನ ಗೋಡೆಯ ಕಡೆ ತಿರುಗಲೇ ಇಲ್ಲ. ಒಳಗಿನ ಕೋಣೆಯಲ್ಲಿ ನಮ್ಮ ಟಿವಿಯ ಕೆಳಗಿನ ಕೆಂಪು ಚುಕ್ಕಿ ನೋಡಿದ. ಸೆಟ್‌ಟಾಪ್ ಬಾಕ್ಸ್ ನೋಡಿದ. ಫೋನಿಲ್ಲದೆ ಗೋಡೆಗೆ ನೇತಾಡುತ್ತಿದ್ದ ಚಾರ್ಜರ್ ನೋಡಿದ. ಕೊನೆಗೆ ನನ್ನ ಮೆಷಿನ್ನಿನ ಮೋಟರಿನ ಮೇಲಿದ್ದ ಹಸಿರು ದೀಪ ನೋಡಿದ, ಅಲ್ಲಿಂದ ನನ್ನನ್ನು ನೋಡಿದ.

"ಇವು ಆಫ್ ಆಗಿಲ್ಲ, ಮಲಗ್ಯಾವೆ ಅಷ್ಟೆ. ರಿಮೋಟಲ್ಲಿ ಆರಿಸಿದ್ರೆ ಪರದೆ ಆರ್ತೈತೆ, ಒಳಗಿನ ಹೊಟ್ಟೆ ಉರೀತಾನೇ ಇರ್ತೈತೆ. ಕುಂಭಕರ್ಣ ಎದ್ದ ಮೇಲಾದ್ರೂ ತಿಂತಿದ್ದ. ಇವು ನಿದ್ದೆಗಣ್ಣಲ್ಲೇ ತಿಂತಾವೆ."

ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತಾ ಹೋದ. ಮೀಟರಿನ ದೀಪದ ಮಿಣುಕು ನಿಧಾನವಾಯಿತು, ಆಮೇಲೆ ನಿಂತೇಹೋಯಿತು.

"ಕಳ್ಳ ಹೊರಗಿಂದ ಬಂದಿಲ್ಲ ಯಜಮಾನ್ರೇ. ಒಳಗೇ ಅವ್ನೆ."

ಅಪ್ಪನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ.

"ನಗೋರ ಮೆಷಿನ್ನೂ ಕಳ್ಳರ ಗುಂಪಲ್ಲೇ ಐತೆ," ಎಂದ. ಸೂಜಿ ನನ್ನ ಬೆರಳಿಗೆ ಚುಚ್ಚಿತು.

ಮರುದಿನ ಎರಡು ಸ್ಮಾರ್ಟ್ ಪ್ಲಗ್ ತಂದ. ಒಂದು ಟಿವಿಗೆ, ಒಂದು ನನ್ನ ಮೆಷಿನ್ನಿಗೆ. ಯಾವುದು ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಅವು ನಮ್ಮ ಮನೆಯ ವೈಫೈ ಹಿಡಿದು, ಅವನು ಎಲ್ಲಿದ್ದರೂ ಅವನ ಫೋನಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದವು. "ಒಂದು ವಾರ ನೋಡಾಣ," ಅಂದ. ವಾರದ ನಂತರ ಬಂದು, ಎಲ್ಲಕ್ಕಿಂತ ದೊಡ್ಡ ಹೊಟ್ಟೆಬಾಕ ಸೆಟ್‌ಟಾಪ್ ಬಾಕ್ಸ್ ಎಂದು ತೀರ್ಪು ಕೊಟ್ಟ. ಬೀರುವಿನ ಹಿಂದೆ ಅಡಗಿದ್ದ ಸ್ವಿಚ್‌ಬೋರ್ಡನ್ನು ಅಪ್ಪನ ಕುರ್ಚಿಯ ಪಕ್ಕಕ್ಕೆ, ಕೈಗೆ ಸಿಗುವಂತೆ ತಂದುಕೊಟ್ಟ. ಅಪ್ಪ ಆವತ್ತಿನಿಂದ ಸ್ವಿಚ್ ಆರಿಸಿಯೇ ಏಳುತ್ತಿದ್ದರು, ಕೆಂಚಪ್ಪನ ಜೊತೆ ಮಾತೂ ಆಡತೊಡಗಿದರು.

"ಈ ಪ್ಲಗ್ಗು ತಗಂಡೋಗಲ್ವಾ?" ಎಂದು ನಾನು ಕೇಳಿದೆ.

"ಇರ್ಲಿ ಬಿಡ್ರಿ. ನನ್ನ ಫೋನಿಂದ ತೆಗೆದ್ಬಿಟ್ಟೀನಿ. ಇನ್ನ ಇವು ಬರೀ ಪ್ಲಗ್ಗು."

ಆ ಮಾತು ನನಗೆ ಚೆನ್ನಾಗಿ ನೆನಪಿದೆ. ಹೇಳುವಾಗ ಅವನು ನನ್ನ ಮುಖ ನೋಡಿರಲಿಲ್ಲ, ನನ್ನ ಬೆರಳಿಗೆ ಇನ್ನೂ ಸುತ್ತಿದ್ದ ಬಟ್ಟೆ ಚೂರು ನೋಡುತ್ತಿದ್ದ. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಆಮೇಲೆ ಫೋನುಗಳು ಶುರುವಾದವು.

ನಾನು ದಾರ ಕಿತ್ತುಹೋಗಿ ಮೆಷಿನ್ ನಿಲ್ಲಿಸಿರುತ್ತಿದ್ದೆ, ಫೋನ್ ಬರುತ್ತಿತ್ತು. "ಏನು, ದಾರ ಕೈ ಕೊಡ್ತಾ?" ಬೆಳಿಗ್ಗೆಯಿಂದ ಮೆಷಿನ್ ಬಿಟ್ಟು ಎದ್ದಿರುತ್ತಿರಲಿಲ್ಲ, ಫೋನ್ ಬರುತ್ತಿತ್ತು. "ಬೆನ್ನು ನೋಯ್ತಿರ್ಬೇಕು. ಸ್ವಲ್ಪ ಎದ್ದು ಓಡಾಡು ದಾಕ್ಷಿ." ದಾಕ್ಷಾಯಿಣಿಯವರೇ ಎನ್ನುತ್ತಿದ್ದವನು ಯಾವಾಗ ದಾಕ್ಷಿ ಎಂದನೋ, ಯಾವಾಗ ನೀನು ಎಂದನೋ, ನನಗೆ ಗೊತ್ತಾಗಲೇ ಇಲ್ಲ. ನಾನು ಮಾತ್ರ ನೀವು ಎಂದೇ ಕರೆಯುತ್ತಿದ್ದೆ, ಅದರಲ್ಲೂ ಒಂದು ಸುಖವಿತ್ತು.

ಫೋನ್ ಎತ್ತಿದ ಕೂಡಲೇ ಊಟ ಆಯ್ತಾ ಎಂದು ಕೇಳದವರು ನಮ್ಮ ಕಡೆ ಯಾರಿದ್ದಾರೆ? ಅವನೊಬ್ಬ ಕೇಳುತ್ತಿರಲಿಲ್ಲ. "ಇನ್ನೂ ಊಟಕ್ಕೆ ಎದ್ದಿಲ್ಲ ಅಲ್ವಾ? ಏಳು, ಮುದ್ದೆ ಆರೋಗ್ತೈತೆ," ಎನ್ನುತ್ತಿದ್ದ. ನಿಜಕ್ಕೂ ಎದ್ದಿರುತ್ತಿರಲಿಲ್ಲ.

"ನಿಮಗೆ ಹೆಂಗೆ ಗೊತ್ತಾಗ್ತೈತೆ?"

"ಎದೆ ಹೇಳ್ತು."

"ನಿಮ್ಮ ಎದೆಗೆ ಬೇರೆ ಕೆಲಸ ಇಲ್ವಾ?"

"ಇತ್ತು. ಬಿಡಿಸ್ಬಿಟ್ಟೀನಿ."

ಇಂಥ ಮಾತಿಗೆ ಮೂವತ್ತೊಂದರ ಹೆಣ್ಣು ಕರಗಬಾರದು. ನಾನು ಕರಗಿದೆ. ಕೊಬ್ಬರಿಯನ್ನು ಕೈಯಲ್ಲಿ ಹಿಡಿದೇ ಒಣಗಿದೆಯೋ ಇಲ್ಲವೋ ಹೇಳುವ ನಮ್ಮಪ್ಪನಿಗೆ ಮಗಳ ಬೆನ್ನು ನೋವು ಕಂಡದ್ದಿಲ್ಲ. ನೋಡಲು ಬಂದ ಗಂಡುಗಳೆಲ್ಲ ನಾನು ಹೊಲಿದ ಬ್ಲೌಸನ್ನು ಹೊಗಳಿ, ಮಂಡಕ್ಕಿ ತಿಂದು ಎದ್ದುಹೋಗಿದ್ದರು. ನಾನು ದಣಿದಿದ್ದೇನೆ ಎಂದು ನಾನು ಹೇಳದೆ ಒಬ್ಬನಿಗೆ ತಿಳಿಯುತ್ತದೆ ಅಂದರೆ, ಅದಕ್ಕಿಂತ ದೊಡ್ಡ ಋಣ ಇನ್ನೇನಿದೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಒಬ್ಬಳು ಗಿರಾಕಿ ಬ್ಲೌಸ್ ಕೆಟ್ಟಿದೆ ಎಂದು ಎಲ್ಲರೆದುರು ಅದನ್ನು ನನ್ನ ಮೇಲೆ ಎಸೆದು ಹೋದಳು. ನಾನು ಮೆಷಿನ್ ನಿಲ್ಲಿಸಿ, ಒಳಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಯಾರಿಗೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಯಾಕೋ ನಿನ್ನ ಮನಸ್ಸು ಸರಿ ಇಲ್ಲ ಅನ್ನಿಸ್ತು ದಾಕ್ಷಿ. ಮಾತಾಡೋದು ಬ್ಯಾಡ. ಸುಮ್ನೆ ಫೋನ್ ಹಿಡ್ಕಂಡಿರು."

ನಾನು ಹಿಡಿದುಕೊಂಡಿದ್ದೆ. ಅವನ ಅಂಗಡಿಯ ಫ್ಯಾನಿನ ಸದ್ದು ಕೇಳುತ್ತಿತ್ತು. ಅವನನ್ನೇ ಮದುವೆಯಾಗುವುದು ಎಂದು ಆವತ್ತು ನಿರ್ಧರಿಸಿದೆ.

ಎರಡು ಮನೆಯವರೂ ಒಪ್ಪಿದರು. ಅಮ್ಮ ಹಾಲುರಾಮೇಶ್ವರಕ್ಕೆ ಹೋಗಿ ಗಂಗೆಯ ಕೊಳದ ಮುಂದೆ ಕೇಳಿಕೊಂಡು ಬಂದಳು, ನೀರಿನೊಳಗಿಂದ ಪ್ರಸಾದವಾಗಿ ಹೂವೇ ತೇಲಿಬಂತಂತೆ, ಅಂದರೆ ದೇವರೂ ಒಪ್ಪಿದಂತೆ. ಸೋಮವಾರ ಹೂ ಮುಡಿಸುವ ಶಾಸ್ತ್ರ ಎಂದಾಯಿತು.

ಹಿಂದಿನ ದಿನ ಭಾನುವಾರ. ನನ್ನ ಶಾಸ್ತ್ರದ ಬ್ಲೌಸ್ ನಾನೇ ಹೊಲಿಯಬೇಕಿತ್ತು. ಬೆಳಿಗ್ಗೆ ಮೆಷಿನ್ನಿಗೆ ಕೂರುವಾಗ ಅದು ಕಣ್ಣಿಗೆ ಬಿತ್ತು: ಸ್ಮಾರ್ಟ್ ಪ್ಲಗ್ಗಿನ ಮೂತಿಯಲ್ಲೇ ಒಂದು ನೀಲಿ ಚುಕ್ಕಿ. ದಿನವಿಡೀ ಅದೂ ಉರಿಯುತ್ತಿತ್ತು. ಕಳ್ಳರನ್ನು ಹಿಡಿಯಲು ಬಂದದ್ದೂ ಸದ್ದಿಲ್ಲದೆ ತಿನ್ನುತ್ತಿತ್ತು! ನನಗೆ ಖುಷಿಯೋ ಖುಷಿ. ಗುರುವನ್ನೇ ಹಿಡಿದೆ ಎಂಬ ಜಂಬ. ಎರಡೂ ಪ್ಲಗ್ ಕಿತ್ತು ಡ್ರಾಯರಿಗೆ ಹಾಕಿ, ಟಿವಿಯನ್ನೂ ಮೆಷಿನ್ನನ್ನೂ ನೇರ ಗೋಡೆಗೆ ಸಿಕ್ಕಿಸಿದೆ. ನಾಳೆ ಹೂ ಮುಡಿಸಿದ ಮೇಲೆ, ಎಲ್ಲರೂ ಪಾಯಸ ತಿನ್ನುವಾಗ, ಅವನ ಕಿವಿಯಲ್ಲಿ ಹೇಳಿ ಕಾಡಿಸಬೇಕು ಎಂದುಕೊಂಡೆ.

ಆಮೇಲೆ ಕೂತವಳು ಏಳಲಿಲ್ಲ. ತಿಳಿಹಸಿರು ರೇಷ್ಮೆಗೆ ಜರಿಯ ಅಂಚು ಕೂರಿಸುವುದರಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮೆಷಿನ್ನಿನ ಸದ್ದಿಗೆ ಫೋನ್ ಹೊಡೆದದ್ದೂ ಕೇಳಲಿಲ್ಲ.

ಮಧ್ಯಾಹ್ನ ಬಾಗಿಲಲ್ಲಿ ಬೈಕ್ ನಿಂತಿತು. ಬಸವೇಶ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಕೈಯಲ್ಲಿ ಎಳನೀರು, ಜೇಬಿನಲ್ಲಿ ಜ್ವರದ ಮಾತ್ರೆ.

"ಏನಾಯ್ತು ದಾಕ್ಷಿ? ಬೆಳಿಗ್ಗೆಯಿಂದ ಮೆಷಿನ್ ಮುಟ್ಟಿಲ್ಲ, ಟಿವಿನೂ ಹಾಕಿಲ್ಲ, ಫೋನ್ ಮಾಡಿದ್ರೆ ತಗೀತಿಲ್ಲ. ಎಲ್ರೂ ಆಸ್ಪತ್ರೆಗೆ ಹೋಗೀರೇನೋ ಅಂತ ನನ್ನ ಜೀವನೇ..."

ಒಳಗಿನ ಕೋಣೆಯಿಂದ ಟಿವಿ ಜೋರಾಗಿ ನಕ್ಕಿತು. ಅಪ್ಪನೂ ನಕ್ಕರು. ಯಾವುದೋ ಹಾಸ್ಯದ ಕಾರ್ಯಕ್ರಮ, ತಿಂಡಿ ಹೊತ್ತಿನಿಂದ ನಡೆದಿತ್ತು.

ಅವನು ಟಿವಿಯ ಸದ್ದಿನ ಕಡೆ ತಿರುಗಿದ. ನನ್ನ ಮಡಿಲಲ್ಲಿದ್ದ ಮುಗಿದ ಬ್ಲೌಸ್ ನೋಡಿದ. ನೆಲದ ತುಂಬ ಹರಡಿದ್ದ ರೇಷ್ಮೆ ಚೂರು ನೋಡಿದ. ಆಮೇಲೆ ಗೋಡೆ ನೋಡಿದ.

"ನಿಮಗೆ ಹೆಂಗೆ ಗೊತ್ತು?" ಎಂದೆ.

ಎಷ್ಟು ಸಲ ಕೇಳಿದ್ದ ಪ್ರಶ್ನೆ! ಅದೇ ಮಾತು, ಅದೇ ನಾನು. ಅವನ ಕಣ್ಣು ಮತ್ತೆ ಗೋಡೆಗೇ ಹೋಯಿತು.

ನಾನು ಡ್ರಾಯರ್ ಎಳೆದು ಎರಡೂ ಪ್ಲಗ್ಗನ್ನು ಮೆಷಿನ್ ಮೇಲೆ ಇಟ್ಟೆ. "ನಿಮ್ಮ ಎದೆ ಇಲ್ಲೈತೆ. ಬೆಳಿಗ್ಗೆ ಕಿತ್ತಿಟ್ಟಿದ್ದೆ."

"ದಾಕ್ಷಿ, ತೆಗೀಬೇಕು ಅಂತನೇ ಇದ್ದೆ. ಆಣೆ ಮಾಡಿ ಹೇಳ್ತೀನಿ."

"ತೆಗೆದೀನಿ ಅಂದಿದ್ರಿ."

ಅವನು ತಲೆ ತಗ್ಗಿಸಿದ. "ಅಂಗಡೀಲಿ ಕುಂತು ಅದನ್ನೇ ನೋಡ್ತಿದ್ದೆ. ಗೆರೆ ಮೇಲೆದ್ರೆ ನೀನು ಮೆಷಿನ್ನಿಗೆ ಕುಂತಿ ಅಂತ, ಇಳಿದ್ರೆ ಎದ್ದಿ ಅಂತ. ಬೇರೆ ಏನೂ ಕೆಟ್ಟದ್ದು ಮನಸಲ್ಲಿ ಇರ್ಲಿಲ್ಲ. ನಿನ್ನ ಹತ್ರ ಇದ್ದಂಗೆ ಅನ್ನಿಸ್ತಿತ್ತು, ಅಷ್ಟೆ."

ಅದು ನಿಜ ಎಂದು ನನಗೆ ಗೊತ್ತಾಯಿತು. ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

"ಆವತ್ತು ನಾನು ಅಳ್ತಿದ್ನಲ್ಲ. ಅದೂ ಗೆರೇನೇ ಹೇಳಿದ್ದಾ?"

"ನಟ್ಟನಡು ಮಧ್ಯಾಹ್ನ ಗೆರೆ ದಿಢೀರ್ ಬಿತ್ತು. ಏನೋ ಆಗೈತೆ ಅನ್ನಿಸ್ತು."

ನನಗೆ ಕೂರಬೇಕೆನಿಸಿತು. ಕೂತೇ ಇದ್ದೆ.

"ಫೋನ್ ಇತ್ತಲ್ಲ ಬಸವೇಶ್, ಕೇಳಬಹುದಿತ್ತಲ್ಲ. ಬೆನ್ನು ನೋಯ್ತೈತಾ ಅಂದಿದ್ರೆ ಹೌದು ಅಂತಿದ್ದೆ. ಯಾಕೆ ಅಳ್ತೀಯಾ ಅಂದಿದ್ರೆ ಎಲ್ಲ ಹೇಳ್ತಿದ್ದೆ. ಹೇಳಾಕೆ ನಂಗೆ ಯಾರಿದ್ರು?"

"ಕೇಳಿದ್ರೆ ಎಲ್ಲರ ತರ ಆಗ್ಬಿಡ್ತಿದ್ದೆ ನಾನು."

"ಎಲ್ಲರ ತರಾನೇ ಇರಬೇಕಿತ್ತು."

ಒಳಗಿನಿಂದ ಅಪ್ಪ ಕೂಗಿದರು. "ಲೇ ದಾಕ್ಷಿ, ಯಾರಮ್ಮ ಬಂದಿರೋದು? ಕುಂತ್ಕಳ್ರಿ ಅನ್ನು."

"ಕುಂತ್ಕಳಲ್ಲಂತೆ ಅಪ್ಪ. ಪ್ಲಗ್ ತಗಂಡೋಗಾಕೆ ಬಂದಾರೆ."

ಅವನು ನನ್ನೆದುರೇ ಫೋನ್ ತೆರೆದು ಎರಡನ್ನೂ ಅಳಿಸಿದ. ಅವನ ಕೈ ಹಿಡಿದುಕೊಳ್ಳಬೇಕೆಂದು ಆಗಲೂ ನನ್ನ ಮನಸ್ಸು ಹೇಳಿತು, ಥೂ ಎಂದು ಅದಕ್ಕೆ ಬೈದೆ. ನಾಳೆ ಬರುವುದು ಬೇಡ, ನಿಮ್ಮ ಮನೆಯಲ್ಲಿ ನೀವೇ ಹೇಳಿಬಿಡಿ ಎಂದೆ. ಅವನು ಎರಡೂ ಪ್ಲಗ್ ಜೇಬಿಗೆ ಹಾಕಿಕೊಂಡು, ಎಳನೀರನ್ನು ಹೊಸ್ತಿಲ ಪಕ್ಕ ಇಟ್ಟು ಹೋದ.

ಅಮ್ಮ ಅನ್ನಪೂರ್ಣಮ್ಮ ತಲೆಯ ಮೇಲೆ ಕೈ ಹೊತ್ತಳು. "ಕುಡಿಯಲ್ಲ, ಸೇದಲ್ಲ. ಪ್ರೀತಿಯಿಂದ ಕಣ್ಣಿಟ್ಟಿದ್ದಾನೆ. ಅದಕ್ಕೆ ಇಷ್ಟಾ? ಮದುವೆ ಆದ್ಮೇಲೆ ಗಂಡ ನೋಡದೆ ಬಿಡ್ತಾನಾ?"

"ನೋಡ್ಲಿ ಅಮ್ಮ. ನೋಡ್ತೀನಿ ಅಂತ ಹೇಳಿ ನೋಡ್ಲಿ."

ಅವಳಿಗೆ ಅರ್ಥವಾಗಲಿಲ್ಲ. ಹೇಗೆ ಆಗಬೇಕು? ನಾನು ನಾಚಿದ್ದು, ನಕ್ಕಿದ್ದು, ಇವನಿಗೆ ನಾನು ಹೇಳದೆಯೇ ಎಲ್ಲ ತಿಳಿಯುತ್ತದೆ ಎಂದು ಒಬ್ಬಳೇ ಬೀಗಿದ್ದು, ಎಲ್ಲವನ್ನೂ ಈಗ ತಪ್ಪು ಹೊಲಿಗೆಯ ಹಾಗೆ ಒಂದೊಂದೇ ಎಳೆ ಹಿಡಿದು ಬಿಚ್ಚಬೇಕಿತ್ತು. ಹೊಲಿಗೆ ಬಿಚ್ಚಿದರೂ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದೆ.

ಸೋಮವಾರ ಯಾರೂ ಬರಲಿಲ್ಲ. ಅಮ್ಮ ತಂದಿಟ್ಟಿದ್ದ ಮಲ್ಲಿಗೆಯನ್ನು ದೇವರಿಗೆ ಏರಿಸಿದಳು. ಅಪ್ಪ ಟಿವಿ ಹಾಕಲಿಲ್ಲ. ನನ್ನ ಜೊತೆ ಬಂದು ಕೂತು, ಕೊಬ್ಬರಿ ರೇಟು ಹೇಳಿ ಎದ್ದುಹೋದರು. ತಿಳಿಹಸಿರು ಬ್ಲೌಸನ್ನು ನಾನು ಮಡಿಸಿ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನಿನಲ್ಲಿ ಒಂದು ಮೆಸೇಜ್ ಬಂತು. ಬಸವೇಶನದು. ಕ್ಷಮಿಸು ಎಂದು ಬರೆದಿರಲಿಲ್ಲ. ಒಂದೇ ಸಾಲು.

"ಊಟ ಆಯ್ತಾ ದಾಕ್ಷಿ?"

ಇಷ್ಟು ತಿಂಗಳಲ್ಲಿ ಮೊದಲ ಸಲ ಕೇಳಿದ್ದ. ಎಲ್ಲರ ತರ. ಆ ಒಂದು ಸಾಲನ್ನೇ ನೋಡುತ್ತಾ ಕೂತೆ. ಅಳು ಬಂತು, ಅತ್ತೆ. ಮೊದಲೇ ಹೀಗೆ ಕೇಳಿದ್ದರೆ ಈ ಹೊತ್ತಿಗೆ ನನ್ನ ಮುಡಿಯಲ್ಲಿ ಅವನ ಮನೆಯ ಹೂ ಇರುತ್ತಿತ್ತು. ಬೆಳಿಗ್ಗೆಯಿಂದ ನಾನು ಒಂದು ತುತ್ತೂ ತಿಂದಿರಲಿಲ್ಲ, ಮೆಷಿನ್ ಮುಟ್ಟಿರಲಿಲ್ಲ. ಎಲ್ಲ ಹೇಳಿಕೊಳ್ಳಲು ಈಗಲೂ ನನಗಿದ್ದವನು ಅವನೊಬ್ಬನೇ.

"ಆಯ್ತು," ಎಂದು ಬರೆದು ಕಳಿಸಿದೆ.

ಅವನು ಅದನ್ನು ನಂಬಬೇಕಿತ್ತು. ತಿಳಿಯಲು ಈಗ ಬೇರೆ ದಾರಿ ಇರಲಿಲ್ಲ.