ನಾಲ್ಕನೇ ಮೂಲೆಯ ದುಪಟ್ಟಾ

ಆದೆಪ್ಪನ ಹತ್ತಿ ಹೊಲದ ನಾಲ್ಕನೇ ಮೂಲೆಯಲ್ಲಿ ಹಾರಾಡುತ್ತಿದ್ದದ್ದು ಅಲ್ಮಾಸಳ ಕೆಂಪು ದುಪಟ್ಟಾದ ತುಂಡು.

ಔಷಧ ಹೊಡೆಯುವ ಡ್ರೋನ್‌ಗೆ ಹೊಲದ ಗಡಿ ತಿಳಿಯಬೇಕು, ಮೂಲೆಗೊಂದು ಕೆಂಪು ಬಟ್ಟೆ ಕಟ್ಟಿಸಿ ಎಂದು ಕಂಪನಿ ಹೇಳಿತ್ತು. ಜಾಲಹಳ್ಳಿಯ ಆದೆಪ್ಪನ ಮನೆಯಲ್ಲಿ ಸಿಕ್ಕಿದ್ದು ಮೂರೇ ಬಟ್ಟೆ. ಕಂಪನಿಯ ದೇವದುರ್ಗ ಕೇಂದ್ರದಲ್ಲಿ ಬುಕಿಂಗ್ ಬರೆಯುತ್ತಿದ್ದ ಅಲ್ಮಾಸ್ ಅಂದು ಹೊಲಕ್ಕೆ ಬಂದಿದ್ದಳು, ಹಿಂದೆಮುಂದೆ ನೋಡದೆ ತನ್ನದನ್ನೇ ಹರಿದು ಕೊಟ್ಟಳು. ಕೋಲಿಗೆ ಕಟ್ಟಿದವನು ರಾಯಚೂರು ಆಫೀಸಿನ ಶಾಕಿರ್. ಒಮ್ಮೆ ಬಟ್ಟೆ ನೋಡಿದ, ಒಮ್ಮೆ ಅವಳನ್ನು ನೋಡಿದ, ಮೂರು ಸಲ ಕಟ್ಟಿ ಬಿಚ್ಚಿದ.

"ಗಂಟು ಬಿಗಿ ಆಗವಲ್ದು" ಅಂದ.

"ಗಂಟಿನ ಕಡೆ ನೋಡಿದ್ರ ಆಗ್ತದ್ರಿ" ಅಂದಳು ಅಲ್ಮಾಸ್. ಅವನ ಕಿವಿ ಕೆಂಪಾಯಿತು.

ಅದು ಆಗಸ್ಟ್ ಮಾತು. ದಸರಾದೊಳಗೆ ಮುನ್ನೂರು ಹಳ್ಳಿಗೆ ಡ್ರೋನ್ ಎಂದು ಕಂಪನಿ ಶಾಮಿಯಾನ ಹಾಕಿಸಿ ಸಾರಿತ್ತು. ಕಂಪನಿಗೇನು, ಬಾಯಿ ಇತ್ತು, ಹೇಳಿತು. ಡಿಸೆಂಬರ್ ಆದರೂ ಡ್ರೋನ್ ಕಂಡದ್ದು ಹನ್ನೊಂದು ಹಳ್ಳಿ, ಅದರಲ್ಲಿ ಜಾಲಹಳ್ಳಿ ಇರಲಿಲ್ಲ. ರೈತರು ಬಂದು ಕೇಳುವರು, ಅಲ್ಮಾಸ್ ಫೋನ್ ಮಾಡುವಳು, ಶಾಕಿರ್ ಮೆತ್ತಗಿನ ದನಿಯಲ್ಲಿ ಹೊಸ ತಾರೀಕು ಕೊಡುವನು. ಸುಳ್ಳೆಂದು ಗೊತ್ತಿದ್ದರೂ ಆ ದನಿಗಾಗಿ ಇನ್ನೆರಡು ಪ್ರಶ್ನೆ ಕೇಳುವಳು. ಆಮೇಲೆ ಬೈಸಿಕೊಳ್ಳುವವಳೂ ಅವಳೇ.

ಅವಳಿಗೂ ಅವನೊಂದು ತಾರೀಕು ಕೊಟ್ಟಿದ್ದ. ಟಾರ್ಗೆಟ್ ಮುಟ್ಟಿದರೆ ನೌಕರಿ ಕಾಯಂ, ಆ ವಾರವೇ ಅಮ್ಮಿಯನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ ಎಂದಿದ್ದ. ದಸರಾ ಹೋಯಿತು, ದೀಪಾವಳಿಯೂ ಹೋಯಿತು. ಈಗ ಮಾನ್ವಿಯಿಂದ ಸಂಬಂಧ ಬಂದಿತ್ತು. ಶುಕ್ರವಾರ ಹುಡುಗನ ತಾಯಿ ಬಂದು ಅಲ್ಮಾಸಳ ತಲೆಗೆ ಕೆಂಪು ದುಪಟ್ಟಾ ಹೊದಿಸಿದರೆ ಮುಗಿಯಿತು, ಮಾತು ಪಕ್ಕಾ. ಅಲ್ಮಾಸ್ ಕುಳಿತಲ್ಲಿ ಕೂರದಾದಳು. ಬಸ್ ಬಂದ ಸದ್ದಾದರೆ ಬಾಗಿಲಿಗೆ ಓಡುವಳು, ಬರೀ ಧೂಳು ಕಂಡು ತಿರುಗುವಳು.

ಬುಧವಾರ ತಡೆಯಲಾರದೆ ತಾನೇ ಫೋನ್ ಮಾಡಿದಳು. ಶುಕ್ರವಾರದ ಸುದ್ದಿ ಕೇಳಿ ಅವನು, ಟಾರ್ಗೆಟ್ ಮುಂದಕ್ಕೆ ಹಾಕಿದ್ದಾರೆ, ಯುಗಾದಿಯವರೆಗೆ ಹೇಗಾದರೂ ತಡೆಯಿರಿ ಎಂದ.

"ಆದೆಪ್ಪಗ ಹೇಳಿದ್ದನ್ನ ನನಗೂ ಹೇಳಾಕತ್ತೀರಿ. ಅಂವ ಬಂದು ನನ್ನ ಬೈತಾನ. ನಾ ಯಾರನ್ನ ಬೈಲಿ?"

ಫೋನ್ ಇಟ್ಟು ಅತ್ತಳು. ಅವನ ಮೇಲಿನ ಸಿಟ್ಟಿಗಿಂತ ಅವನೇ ಬೇಕೆನ್ನುವುದು ಹೆಚ್ಚು ಸುಡುತ್ತಿತ್ತು.

ಗುರುವಾರ ಆದೆಪ್ಪ ಕೇಂದ್ರಕ್ಕೆ ಬಂದ. ಇವತ್ತು ಬೈಯಲಿಲ್ಲ.

"ಮುಂಜಾನೆ ನಿಮ್ಮ ರಾಯಚೂರ ಸಾಹೇಬ್ರು ಬಂದಿದ್ರವ್ವಾ. ಡ್ರೋನ್ ಬರಂಗಿಲ್ಲ, ನಾ ಹೇಳಿದ ತಾರೀಕೆಲ್ಲ ಸುಳ್ಳು ಅಂತ ಮಂದಿ ಮುಂದ ಕೈ ಮುಗದ್ರು. ಹೋಗಾಗ ಕೋಲಿಗೆ ಕಟ್ಟಿದ್ದ ನಿನ್ನ ಕೆಂಪು ಅರಿವಿ ಬಿಚ್ಕೊಂಡು ಹೋದ್ರು."

ಅಲ್ಮಾಸಳಿಗೆ ದಿಗಿಲಾಯಿತು. ಬಿಚ್ಚಿಕೊಂಡು ಹೋದ ಎಂದರೆ ಎಲ್ಲ ಮುಗಿಸಿಯೇ ಹೋದನೇ? ಕೇಂದ್ರಕ್ಕೆ ಬೀಗ ಹಾಕಿ ಮನೆಗೆ ನಡೆದಳು.

ಹೊಸ್ತಿಲಲ್ಲಿ ಧೂಳು ಹಿಡಿದ ಬೂಟುಗಳಿದ್ದವು. ಒಳಗೆ ಅಬ್ಬಾನ ಎದುರು ಶಾಕಿರ್, ಪಕ್ಕದಲ್ಲಿ ಅವನ ಅಮ್ಮಿ ಸರ್ವರಿ ಬೇಗಂ. ಅವರ ತೊಡೆಯ ಮೇಲೆ ಹೊಸ ಕೆಂಪು ದುಪಟ್ಟಾ, ಅದರ ಒಂದು ಮೂಲೆಗೆ ಬಿಸಿಲಿಗೆ ಬಣ್ಣ ಹೋದ ಹಳೆಯ ತುಂಡೊಂದನ್ನು ಹೊಲಿಯಲಾಗಿತ್ತು. ಹೊಲಿಗೆ ಅಂಕುಡೊಂಕಾಗಿತ್ತು. ಬಸ್ಸಿನಲ್ಲಿ ಕೂತು ಮಗನೇ ಹೊಲಿದದ್ದು ಎಂದು ಸರ್ವರಿ ಬೇಗಂ ಆಗಲೇ ನಗುತ್ತಾ ಹೇಳಿಯಾಗಿತ್ತು.

ನೌಕರಿ ಏನಾಯಿತೆಂದು ಅಬ್ಬಾ ಕೇಳಿದರು. ಹಳ್ಳಿಯವರಿಗೆ ನಿಜ ಹೇಳಿದ್ದಕ್ಕೆ ಫೋನಿನಲ್ಲೇ ತೆಗೆದುಹಾಕಿದರು ಎಂದ ಶಾಕಿರ್. ಹಾಗಾದರೆ ಇನ್ನೊಂದು ನೌಕರಿ ಯಾವಾಗ ಎಂದರು ಅಬ್ಬಾ.

ಅವನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಬಾಗಿಲಲ್ಲಿ ನಿಂತ ಅಲ್ಮಾಸಳನ್ನು ನೋಡಿದ.

"ಗೊತ್ತಿಲ್ಲ, ಚಾಚಾ. ಹುಡುಕ್ತೀನಿ. ತಾರೀಕು ಮಾತ್ರ ಹೇಳಂಗಿಲ್ಲ."

ಅಬ್ಬಾ ಮಗಳ ಮುಖ ನೋಡಿದರು. ಅಲ್ಮಾಸ್ ನೆಟ್ಟಗೆ ಬಂದು ಸರ್ವರಿ ಬೇಗಂ ಮುಂದೆ ಕುಳಿತು ತಲೆ ಬಗ್ಗಿಸಿದಳು.

"ಹೊದಿಸ್ರಿ" ಅಂದಳು.

ಅಬ್ಬಾ ಮಾನ್ವಿಯವರಿಗೆ ಫೋನ್ ಮಾಡಲು ಎದ್ದು ಹೊರಗೆ ಹೋದರು.