ಪೂರ್ತಿ ಪಂದ್ಯ ಕೂತು ನೋಡಿ

"ಈ ಕುರ್ಚಿ ಸುಳ್ಳು ಹೇಳುತ್ತೆ!"

ಅಷ್ಟು ಜನರ ಎದುರಿಗೆ ಆತ ಹಾಗೆ ಅಂದುಬಿಟ್ಟಾಗ ಗುಬ್ಬಿಗೆ ಮೈಯೆಲ್ಲ ಉರಿದುಹೋಯಿತು.

ಅವಳ ನಿಜವಾದ ಹೆಸರು ಬೇರೆ ಇದೆ ಬಿಡಿ. ಒಂದು ಕಡೆ ನೆಟ್ಟಗೆ ಕೂತವಳಲ್ಲ ಎಂದು ಮನೆಯವರು ಗುಬ್ಬಿ ಎಂದು ಕರೆಯುತ್ತಾರೆ. ಅಂಥವಳು ಮಾಡುವ ಕೆಲಸವೋ, ಬೇರೆಯವರಿಗೆಲ್ಲ ಕುರ್ಚಿ ಮಾಡಿಕೊಡುವುದು! ಅಪ್ಪ, ಅಣ್ಣ ನಡೆಸುವ ಕಾರ್ಖಾನೆಯಲ್ಲಿ ಇದುವರೆಗೆ ಸಿನಿಮಾ ಮಂದಿರದ ಕುರ್ಚಿಗಳಷ್ಟೇ ತಯಾರಾಗುತ್ತಿದ್ದವು. ಕ್ರೀಡಾಂಗಣದ ವಿಐಪಿ ಗ್ಯಾಲರಿಗೆ ಹೊಸ ಕುರ್ಚಿಗಳು ಬೇಕಾಗಿವೆ ಎಂದು ತಿಳಿದಾಗ ಅವಳು ಹಟ ಹಿಡಿದು, ತಾನೇ ಒಂದು ಮಾದರಿ ಮಾಡಿ ತಂದಿದ್ದಳು. ತನ್ನದೇ ಎಂದು ಹೇಳಿಕೊಳ್ಳಬಹುದಾದ ಮೊದಲ ಕುರ್ಚಿ ಅದು.

ಅದನ್ನು ಈ ಗ್ಯಾಲರಿ ಮ್ಯಾನೇಜರ್ ಒಂದೇ ಮಾತಿನಲ್ಲಿ ನೆಲಕ್ಕಿಳಿಸಿದ್ದ.

"ಸುಳ್ಳು ಅಂದ್ರೆ ಏನರ್ಥ ಸರ್?" ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಕೂತ ತಕ್ಷಣ ಹಾಯಾಗಿರುತ್ತೆ. ಆಮೇಲೆ ಸೊಂಟ ಹಿಡ್ಕೊಳ್ಳುತ್ತೆ."

"ಹಿಂಗೆ ಕೂತು ಹಂಗೆ ಎದ್ರಿ, ಅಷ್ಟರಲ್ಲಿ ಸೊಂಟದ ಭವಿಷ್ಯ ಹೇಳಿಬಿಟ್ರಾ? ಪೂರ್ತಿ ಪಂದ್ಯ ಕೂತು ನೋಡಿ. ಆಮೇಲೆ ಮಾತಾಡಿ!"

ತಮ್ಮ ಮಾದರಿ ತಂದಿದ್ದ ಉಳಿದ ಕಂಪನಿಗಳವರು ಮುಸಿಮುಸಿ ನಕ್ಕರು. ಅವನು ನಗಲಿಲ್ಲ. ಅವಳ ಮುಖವನ್ನೇ ಒಂದು ಕ್ಷಣ ನೋಡಿದ.

"ಸರಿ. ಭಾನುವಾರ ಪಂದ್ಯ ಇದೆ. ಬನ್ನಿ, ನೀವೂ ಪಕ್ಕದಲ್ಲೇ ಕೂತ್ಕೊಳ್ಳಿ."

ಅಬ್ಬಾ, ಎಂಥಾ ಜಂಬ! ಎಂದುಕೊಂಡಳು ಗುಬ್ಬಿ. ಆದರೂ ಭಾನುವಾರ ಎಲ್ಲರಿಗಿಂತ ಮೊದಲೇ ಹೋದವಳು ಅವಳೇ.

ಅವಳು ಮಾಡಿದ ಕುರ್ಚಿಯಲ್ಲಿ ಅವನು ಕೂತ, ಆಟ ಶುರುವಾಯಿತು. ಅವಳು ಮೈದಾನದ ಕಡೆ ತಿರುಗಿಯೂ ನೋಡಲಿಲ್ಲ, ಕಣ್ಣೆಲ್ಲ ಅವನ ಮೇಲೆ. ಮೊದಲರ್ಧ ಅವನು ಅಲುಗಾಡಲಿಲ್ಲ. ಅವಳು ಒಳಗೊಳಗೇ ಬೀಗಿದಳು. ಎರಡನೇ ಅರ್ಧದಲ್ಲಿ ಅವನು ಮುಂದಕ್ಕೆ ಜರುಗಿದ, ಹಿಂದಕ್ಕೆ ಒರಗಿದ, ಮತ್ತೆ ಅಂಚಿಗೆ ಬಂದ. ಗೋಲು ಬಿದ್ದಾಗ ಎಲ್ಲರೂ ದಡಕ್ಕನೆ ಎದ್ದರು. ಅವಳ ಕುರ್ಚಿಯ ಆಸನ ಫಟಾರನೆ ಮಡಚಿಕೊಂಡ ಸದ್ದಿಗೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ಬೆಚ್ಚಿಬಿದ್ದರು.

ಅವನು ಮತ್ತೆ ಕೂತು ಸೊಂಟ ನೀವಿಕೊಂಡ. ಅದೇ ಅವಳನ್ನು ಹೆಚ್ಚು ಕಾಡಿತು.

ಆಗ ಅವಳು ಸುತ್ತ ಕೂತವರನ್ನು ಗಮನಿಸಿದಳು. ಒಬ್ಬರಾದರೂ ಒರಗಿ ಕೂತಿರಲಿಲ್ಲ! ಎಲ್ಲರೂ ಮೊಣಕಾಲ ಮೇಲೆ ಮೊಣಕೈ ಊರಿ, ಮೈದಾನದೊಳಗೇ ಬಿದ್ದುಬಿಡುವವರಂತೆ ಮುಂದಕ್ಕೆ ಬಾಗಿದ್ದರು.

"ಅಯ್ಯೋ... ನಾನು ಸಿನಿಮಾ ಕುರ್ಚಿ ಮಾಡಿದೀನಿ!" ಬಾಯಿಂದ ತಾನಾಗಿ ಹೊರಬಿತ್ತು. "ಕತ್ತಲಲ್ಲಿ ಒರಗಿ ಕೂತ್ಕೊಳ್ಳೋರಿಗೆ ಅಂತ ಬೆನ್ನಿಗೆ ಇಳಿಜಾರು ಕೊಟ್ಟಿದೀನಿ. ಇಲ್ಲಿ ಯಾರೂ ಒರಗೋದೇ ಇಲ್ಲ."

ಅವನು ಮೊದಲ ಸಲ ನಕ್ಕ. "ನನಗೆ ಸರಿ ಇಲ್ಲ ಅಂತ ಗೊತ್ತಾಗಿತ್ತು. ಯಾಕೆ ಅಂತ ಗೊತ್ತಾಗಿರ್ಲಿಲ್ಲ. ನೀವು ಹೇಳಿದ ಮೇಲೆ ಗೊತ್ತಾಯ್ತು."

ತಪ್ಪು ಒಪ್ಪಿಕೊಂಡವರನ್ನು ಹೀಗೂ ನೋಡಬಹುದಾ? ಆ ನೋಟದಲ್ಲಿ ಗೆದ್ದ ಹಮ್ಮು ಇರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಗುಬ್ಬಿಗೆ ಆ ನಗುವೇ ನೆನಪಾಯಿತು.

ಮುಂದಿನ ಪಂದ್ಯಕ್ಕೆ ಅವಳು ಕುರ್ಚಿಯ ಬೆನ್ನನ್ನು ನೆಟ್ಟಗೆ ಮಾಡಿ, ಆಸನದ ಮುಂಭಾಗಕ್ಕೆ ಗಟ್ಟಿ ಫೋಮ್ ತುಂಬಿ ತಂದಳು. ಅದರ ಮುಂದಿನ ಪಂದ್ಯಕ್ಕೆ ಆಸನ ಸದ್ದಿಲ್ಲದೆ ಮಡಚಿಕೊಳ್ಳುವಂತಾಯಿತು. ಪ್ರತಿ ಸಲವೂ ಪಕ್ಕದಲ್ಲಿ ಅವನು. ಕುರ್ಚಿಯ ಮಾತು ಕ್ರಮೇಣ ಊಟ, ನಿದ್ದೆ, ಅವನ ಅಕ್ಕನ ಮಕ್ಕಳ ತಂಟೆ, ಅವಳ ಅಪ್ಪನ ಗೊರಕೆ ಎಂದು ಎಲ್ಲೆಲ್ಲಿಗೋ ಹೋಗತೊಡಗಿತು. ಯಾವ ತಂಡ ಗೆದ್ದಿತು ಎಂದು ಕೇಳಿದರೆ ಇಬ್ಬರೂ ತಬ್ಬಿಬ್ಬಾಗುತ್ತಿದ್ದರು!

ಮನೆಯಲ್ಲಿ ಅಣ್ಣ ಛೇಡಿಸುತ್ತಿದ್ದ. "ನಮ್ಮ ಗುಬ್ಬಿ ಹಲ್ಲು ಕಿರಿದ್ರೆ ಸಾಕು ಕಣಪ್ಪಾ, ಆರ್ಡರ್ ತಾನಾಗೇ ನಡ್ಕೊಂಡು ಬರುತ್ತೆ."

ತಮಾಷೆಗೆ ಆಡಿದ ಮಾತು. ಆದರೆ ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಗೆದ್ದರೆ ಕುರ್ಚಿಯಿಂದ ಗೆಲ್ಲಬೇಕು. ನನ್ನ ಮುಖ ನೋಡಿ ಯಾರೂ ಅದನ್ನ ಆರಿಸಬಾರದು... ಈ ಒಂದು ಆಸೆ ಅವಳಿಗೆ ಬೇರೆಲ್ಲಕ್ಕಿಂತ ದೊಡ್ಡದಾಗಿತ್ತು.

ಕುರ್ಚಿಗಳ ಕೊನೆಯ ಪರೀಕ್ಷೆ ಶುರುವಾದ ದಿನ ಅವಳು ಗ್ಯಾಲರಿಗೆ ಹೋದಾಗ ಅವನು ಅಲ್ಲಿರಲಿಲ್ಲ.

ಅವನ ಜಾಗದಲ್ಲಿ, ಬಿಗಿದ ಮುಖದ ಮೇಡಂ ಒಬ್ಬರು ಕುರ್ಚಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಒಂದು ಕಾಲದ ಆಟಗಾರ್ತಿ, ಈಗ ಕ್ರೀಡಾಂಗಣದ ಸಮಿತಿಯ ಮುಖ್ಯಸ್ಥೆ.

"ಮ್ಯಾನೇಜರ್ ಸರ್?" ಗುಬ್ಬಿ ಮೆಲ್ಲಗೆ ಕೇಳಿದಳು.

"ಕುರ್ಚಿ ಆಯ್ಕೆಯಿಂದ ಅವರು ಹಿಂದೆ ಸರಿದಿದಾರೆ. ಇನ್ನು ಮುಂದೆ ನಾನೇ. ನೀವು ಹೊರಡಬಹುದು."

ಫೋನ್ ಮಾಡಿದಳು. ಎತ್ತಲಿಲ್ಲ. ವಾರಗಳು ಕಳೆದರೂ ಎತ್ತಲಿಲ್ಲ. ಮೆಸೇಜ್ ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ.

ನನ್ನ ಕುರ್ಚಿ ಕೆಲಸಕ್ಕೆ ಬಾರದ್ದು ಅಂತ ಮುಖಕ್ಕೆ ಹೇಳೋಕಾಗದೆ ತಪ್ಪಿಸ್ಕೊಂಡ್ರಾ? ಇಷ್ಟು ದಿನ ನಕ್ಕಿದ್ದು, ಮಾತಾಡಿದ್ದು... ಬರೀ ಮರ್ಯಾದೆಗಾ?

ಕಾರ್ಖಾನೆಯ ಮೂಲೆಯಲ್ಲಿ ಫೋಮ್ ರಾಶಿಗೆ ಮುಖವೊತ್ತಿ ಅವಳು ಬಿಕ್ಕಿದಳು. ಫೋಮ್ ಒಳ್ಳೆಯದು, ಅಳು ಹೊರಗೆ ಕೇಳಿಸಲಿಲ್ಲ. ಆದರೆ ಅಪ್ಪನಿಗೆ ಕಣ್ಣಿತ್ತು.

"ಏನಾಯ್ತು ಮಗಳೇ?"

"ಕುರ್ಚಿ ವಾಪಸ್ ತರ್ತೀನಿ ಅಪ್ಪಾ. ನಂಗೆ ಬೇಡ ಈ ಆರ್ಡರ್."

ಅಪ್ಪ ಕಾರಣ ಕೇಳಲಿಲ್ಲ. ವ್ಯಾನಿನ ಕೀಲಿ ಕೊಟ್ಟರು.

ಗ್ಯಾಲರಿಯ ಬಾಗಿಲು ತೆರೆದಾಗ ಗುಬ್ಬಿ ಹೊಸ್ತಿಲಲ್ಲೇ ನಿಂತಳು. ಪ್ರೇಕ್ಷಕರಿಲ್ಲದ ಮೈದಾನದಲ್ಲಿ ಹುಡುಗಿಯರ ತಂಡವೊಂದು ಅಭ್ಯಾಸ ಮಾಡುತ್ತಿತ್ತು. ಮೇಡಂ ಅವಳ ಕುರ್ಚಿಯಲ್ಲೇ ಕೂತು, ಮುಂದಕ್ಕೆ ಬಾಗಿ, ಆ ಮಕ್ಕಳಿಗೆ ಇಲ್ಲಿಂದಲೇ ಬೈಯುತ್ತಿದ್ದರು.

"ಮೇಡಂ... ನನ್ನ ಕುರ್ಚಿ ತಗೊಂಡು ಹೋಗ್ತೀನಿ."

"ಯಾಕೆ? ನಾನು ಕೂತಿರೋದು ಕಾಣ್ಸಲ್ವಾ?"

"ಬೇರೆ ಕಂಪನಿಯವು ಇವೆಯಲ್ಲ..."

"ಎಲ್ಲದರ ಮೇಲೂ ಪೂರ್ತಿ ಪೂರ್ತಿ ಪಂದ್ಯ ಕೂತಿದೀನಮ್ಮಾ. ನನ್ನ ಮಂಡಿ ಹಾಳಾದ್ದು, ಅದಕ್ಕೆ ಯಾರ ಮುಲಾಜೂ ಇಲ್ಲ. ಈ ಒಂದರಿಂದ ಮಾತ್ರ ಯಾರೂ ಕೈ ಹಿಡಿಯದೆ ಎದ್ದಿದೀನಿ. ಇವತ್ತು ಬೆಳಿಗ್ಗೆ ಸಮಿತಿ ಒಪ್ಪಿಗೆ ಕೊಟ್ಟಾಯ್ತು. ಗ್ಯಾಲರಿಗೆಲ್ಲ ಇದೇ."

ಗುಬ್ಬಿ ಹೊಸ್ತಿಲು ದಾಟಿ ಒಳಗೆ ಬಂದಳು.

"ಹಾಗಿದ್ರೆ... ಸರ್ ಯಾಕೆ ಬಿಟ್ಟುಹೋದ್ರು?"

ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಬಿಗಿದ ಮುಖ ಸಡಿಲವಾಯಿತು.

"ಸಮಿತಿ ಎದುರಿಗೆ ನಿಂತು ಏನಂದ ಗೊತ್ತಾ? 'ಆ ಕುರ್ಚಿ ವಿಷಯದಲ್ಲಿ ನನ್ನ ಮಾತು ನಂಬಬೇಡಿ. ಅದನ್ನ ಮಾಡಿದವರು ನನಗೆ ತುಂಬಾ ಇಷ್ಟ. ನಾನು ಆರಿಸಿದ್ರೆ ಅವರ ಕೆಲಸಕ್ಕೆ ಕೆಟ್ಟ ಹೆಸರು' ಅಂದ. ತೀರ್ಮಾನ ಆಗೋವರೆಗೂ ನಿನ್ನ ಹತ್ರ ಮಾತಾಡಕೂಡದು ಅಂತ ಷರತ್ತು ಹಾಕಿದವಳು ನಾನೇ. ಪಾಪ, ಫೋನ್ ಕೈಯಲ್ಲಿ ಹಿಡ್ಕೊಂಡು ಮನೆ ತುಂಬ ಓಡಾಡ್ತಿದ್ದನಂತೆ. ಅವರಕ್ಕನೇ ದೂರು ಹೇಳಿದ್ಲು."

ಗುಬ್ಬಿಯ ಕಣ್ಣು ತುಂಬಿ ಬಂತು. ಅವಳು ಬಾಯಿಬಿಟ್ಟು ಯಾರಿಗೂ ಹೇಳದ ಆಸೆ ಅದು. ಹೇಳದೆಯೇ ಅವನಿಗೆ ಅರ್ಥವಾಗಿತ್ತು!

"ಈಗ ಎಲ್ಲಿದಾರೆ?"

"ಕೆಳಗೆ, ಹಳೇ ಸಾಲಿನ ಕುರ್ಚಿಗಳನ್ನ ಬಿಚ್ಚಿಸ್ತಿದಾನೆ. ನಿನ್ನವಕ್ಕೆ ಜಾಗ ಆಗಬೇಕಲ್ಲಾ!"

ಮೆಟ್ಟಿಲುಗಳನ್ನು ಅವಳು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ.

ಅವನು ಅಂಗಿಯ ತೋಳು ಮಡಚಿ, ತುಕ್ಕು ಹಿಡಿದ ಬೋಲ್ಟ್ ಒಂದರ ಜತೆ ಗುದ್ದಾಡುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತ. ಸ್ಪ್ಯಾನರ್ ಕೈಯಿಂದ ಜಾರಿತು.

"ತೀರ್ಮಾನ... ಗೊತ್ತಾಯ್ತಾ?" ಎಂದ.

"ಗೊತ್ತಾಯ್ತು. ಒಂದು ಮಾತು ಹೇಳಿ ಹೋಗಬಾರದಿತ್ತಾ? ಎಷ್ಟು ಅತ್ತೆ ಗೊತ್ತಾ ನಿಮಗೆ?"

"ಹೇಳೋಕೆ ಬಂದಿದ್ರೆ ನೀವು ನಗ್ತಿದ್ರಿ. ಆ ನಗು ನೋಡಿದ್ರೆ ಸಮಿತಿಗೆ ವಾಪಸ್ ಹೋಗಿ, ನಾನೇ ಆರಿಸ್ತೀನಿ ಅಂದುಬಿಡ್ತಿದ್ದೆ." ಅವನ ಧ್ವನಿ ತಗ್ಗಿತು. "ಕ್ಷಮಿಸಿ. ಆ ಕುರ್ಚಿ ನಿಮ್ಮದಾಗೇ ಗೆಲ್ಬೇಕಿತ್ತು. ನನ್ನದೇನೂ ಅದರಲ್ಲಿ ಇರಬಾರದಿತ್ತು."

"ಸೋತಿದ್ರೆ?"

"ಸೋತಿದ್ರೂ ಇವತ್ತು ನಿಮ್ಮನೆ ಬಾಗಿಲಿಗೆ ಬರ್ತಿದ್ದೆ. ಬೈಸ್ಕೊಳ್ಳೋಕೆ."

ಅವಳು ಅಳುತ್ತಲೇ ನಕ್ಕಳು. ಒಂದು ಹೆಜ್ಜೆ ಹತ್ತಿರ ಬಂದಳು.

"ನಮ್ಮಣ್ಣ ನಿಮ್ಮ ಬಗ್ಗೆ ನನ್ನ ಕೇಳ್ತಾನೆ. ಹುಡುಗ ಹೇಗೆ, ಏನು ಅಂತ."

"ಏನಂತೀರಿ?"

"ನನ್ನ ಮಾತು ನಂಬಬೇಡ ಅಂತೀನಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ.

"ನಿಜವಾಗ್ಲೂ?"

"ಹೂಂ..." ಗ್ರೀಸ್ ಮೆತ್ತಿದ ಅವನ ಕೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಜವಾಗ್ಲೂ."