ಜರಿಗಿಡದ ಗೋಡೆ

"ಗೋಡೆ ಮೇಲೆ ಏನೋ ಬರೆದಿದೆ!" ಮೆಟ್ಟಿಲ ಮೇಲಿಂದ ಅತಿಥಿಯೊಬ್ಬಳು ಕೂಗಿದಳು.

ಮಿಲ್ವಾಕಿಯ ಹೊಸ ಹೋಟೆಲಿನ ಉದ್ಘಾಟನೆ ಆಗಷ್ಟೇ ಮುಗಿದಿತ್ತು. ಹಜಾರದ ಗೋಡೆಗೆಲ್ಲ ಹಸಿರು ಜರಿಗಿಡದ ಚಿತ್ರವಿರುವ ಕಾಗದ ಅಂಟಿಸಿತ್ತು. ಹತ್ತಿರ ನಿಂತರೆ ಬರೀ ಎಲೆ. ದೂರದಿಂದ ನೋಡಿದರೆ ಎಲೆಗಳ ನಡುವೆ ಒಂದೇ ಪದ, ಗೋಡೆಯುದ್ದಕ್ಕೂ: ಕದ್ದದ್ದು. ಕದ್ದದ್ದು. ಕದ್ದದ್ದು.

ವಿನ್ಯಾಸ ಸಂಸ್ಥೆಯ ಒಡತಿ ಮರ್ನಾ ಹ್ಯಾಡ್ಲಿಯ ಮುಖ ಬಿಳಿಚಿಕೊಂಡಿತು. ಪೊಲೀಸರಿಗೆ ಫೋನ್ ಹೋಯಿತು. ಪತ್ತೇದಾರಿ ಅಧಿಕಾರಿ ಲೊರೆಟಾ ಪ್ರೂಟ್ ಬಂದಳು.

"ಇದು ಒಡೀಲಳದ್ದೇ ಕೆಲಸ," ಎಂದಳು ಮರ್ನಾ. "ನಮ್ಮ ಕಚೇರಿಯಲ್ಲಿದ್ದವಳು, ಎರಡು ತಿಂಗಳ ಹಿಂದೆ ಕೆಲಸದಿಂದ ತೆಗೆದೆ. 'ನಿನ್ನ ಮಾನ ಹರಾಜು ಹಾಕ್ತೀನಿ' ಅಂತ ಕಿರುಚಿ ಹೋದ್ಲು."

* * *

"ಅಂದಿದ್ದು ಹೌದು," ಎಂದಳು ಒಡೀಲ್. "ಮಾಡಿದ್ದು ನಾನಲ್ಲ. ಯಾರು ಮಾಡಿದ್ರೋ ಅವರ ಕೈಗೆ ಮುತ್ತು ಕೊಡ್ಬೇಕು!"

"ಆ ಜರಿಗಿಡದ ಚಿತ್ರ ನಿಮ್ಮ ಹತ್ರ ಇತ್ತಾ?" ಲೊರೆಟಾ ಕೇಳಿದಳು.

"ಇತ್ತು. ಕೆಲಸ ಬಿಡೋವರೆಗೂ ನನ್ನ ಕಂಪ್ಯೂಟರಲ್ಲೇ ಇತ್ತು."

* * *

ಮರ್ನಾಳ ಕಚೇರಿ. ಚಿತ್ರಗಳನ್ನು ಮುದ್ರಣಕ್ಕೆ ಸಿದ್ಧಪಡಿಸುವ ವೆಂಡೆಲ್ ಕಾಪ್ ಪರದೆಯ ಮೇಲೆ, ಗೋಡೆಯುದ್ದಕ್ಕೂ ಮತ್ತೆ ಮತ್ತೆ ಅಚ್ಚಾಗುವ ಚಿತ್ರದ ಒಂದು ಚೌಕ ತೋರಿಸಿದ. ಅದನ್ನೇ ಅಕ್ಕಪಕ್ಕ ಸಮನಾಗಿ ಜೋಡಿಸಿದ. ಬರೀ ಎಲೆ.

"ಪದವೇ ಇಲ್ವಲ್ಲ?" ಲೊರೆಟಾ ಕೇಳಿದಳು.

"ಗೋಡೆ ಮೇಲೆ ಹೀಗಿಲ್ಲ ಮೇಡಂ. ಮೇಲಿಂದ ಕೆಳಕ್ಕಿರೋ ಸಾಲುಗಳಲ್ಲಿ ಒಂದು ಬಿಟ್ಟು ಒಂದು ಅರ್ಧ ಚೌಕ ಕೆಳಗೆ ಇಳಿದಿರುತ್ತೆ." ಅವನು ಇಳಿಸಿದ. ಅಂಚುಗಳು ಕೂಡಿದವು. ಅಕ್ಷರಗಳು ಎದ್ದು ಬಂದವು.

ಲೊರೆಟಾ ಮರ್ನಾಳ ಕಡೆ ತಿರುಗಿದಳು. "ಸಾಲು ಇಳಿಸೋದು ಯಾವಾಗ ತೀರ್ಮಾನ ಆಯ್ತು?"

"ಹೋದ ತಿಂಗಳು. ಮುದ್ರಣಕ್ಕೆ ಕಳಿಸೋ ಮುಂಚೆ."

"ಯಾರಿಗೆ ಗೊತ್ತಿತ್ತು?"

"ನಂಗೆ. ವೆಂಡೆಲ್‌ಗೆ." ಮರ್ನಾ ಥಟ್ಟನೆ ವೆಂಡೆಲ್‌ನ ಕಡೆ ತಿರುಗಿದಳು.

"ಅರ್ಧ ಅಕ್ಷರ ಈ ಅಂಚಲ್ಲಿ, ಇನ್ನರ್ಧ ಆ ಅಂಚಲ್ಲಿ," ಎಂದಳು ಲೊರೆಟಾ. "ಸಾಲು ಇಳಿಯುತ್ತೆ ಅಂತ ಗೊತ್ತಿದ್ದವರಷ್ಟೇ ಹೀಗೆ ಸೀಳಿ ಇಡಬಲ್ಲರು. ಅಷ್ಟೊತ್ತಿಗೆ ಒಡೀಲ್ ಇಲ್ಲಿರಲಿಲ್ಲ. ಮರ್ನಾ ತಮ್ಮ ಮುಖಕ್ಕೆ ತಾವೇ ಮಸಿ ಬಳ್ಕೊಳ್ಳಲ್ಲ. ಅಂಚು ಸರಿಯಾಗಿ ಕೂಡುತ್ತಾ ಅಂತ ಕೊನೇಲಿ ನೋಡೋದು ಯಾರು ವೆಂಡೆಲ್?"

"ನಾನೇ." ಅವನು ಮರ್ನಾಳ ಕಡೆ ಬೆರಳು ತೋರಿಸಿದ. "ಆ ಎಲೆ ಬರೆದದ್ದು ನನ್ನ ಹೆಂಡತಿ. ಆಸ್ಪತ್ರೆ ಹಾಸಿಗೆ ಮೇಲೆ, ಒಂದು ಕೈಗೆ ಸೂಜಿ ಚುಚ್ಚಿಸ್ಕೊಂಡು, ಇನ್ನೊಂದು ಕೈಯಲ್ಲಿ ಬರೆದ್ಲು. ಅವಳನ್ನ ಮಣ್ಣು ಮಾಡಿ ಬಂದ ವಾರವೇ ಈಕೆ ಆ ಚಿತ್ರಕ್ಕೆ ತನ್ನ ಹೆಸರು ಹಾಕ್ಕೊಂಡ್ಲು. ಕೇಳಿದ್ರೆ, 'ಸತ್ತವರಿಗೆ ಯಾಕೆ ಹೆಸರು?' ಅಂತ ನಕ್ಕಳು. ಇವತ್ತು ಊರೆಲ್ಲ ಓದ್ತಾ ಇದೆ. ನಗ್ಲಿ ಈಗ."

"ಜೈಲಿಗೆ ಹೋಗ್ತೀಯ ನೀನು!" ಮರ್ನಾ ಕೂಗಿದಳು.

"ಹೋಗ್ತೀನಿ. ದೂರು ಕೊಡು. ಕೋರ್ಟಲ್ಲಿ ಚಿತ್ರ ಯಾರದ್ದು ಅಂತ ಕೇಳ್ತಾರಲ್ಲ, ಆಗ ಹೇಳು."

ಲೊರೆಟಾ ಮರ್ನಾಳನ್ನೇ ನೋಡಿದಳು. "ದೂರು ಕೊಡ್ತೀರಾ?"

ಮರ್ನಾ ಅಡ್ಡಡ್ಡ ತಲೆಯಾಡಿಸಿದಳು. "ಬೇಡ. ಇಲ್ಲಿಗೇ ಬಿಡಿ."

"ನಾನು ಬಿಡಲ್ಲ." ವೆಂಡೆಲ್ ಕುರ್ಚಿ ಎಳೆದುಕೊಂಡು ಲೊರೆಟಾಳ ಎದುರು ಕೂತ. "ಚಿತ್ರ ಕದ್ದದ್ದಕ್ಕೆ ದೂರು ನಾನು ಕೊಡ್ತೀನಿ. ಮೊದಲು ಚಿತ್ರ ಬರೆದವಳ ಹೆಸರು ಬರ್ಕೊಳ್ಳಿ ಮೇಡಂ. ಇಂಗ್ರಿಡ್ ಕಾಪ್."